ಮಿಷಿಗನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಮಸ್ಟಾಂಗ್: ಯಾವುದು ತಗೊಳ್ಳಲಿ, ಮೊದಲು ಏನು ಹಾಕಿಸಲಿ?

ಕ್ಯಾಂಟನ್ ಹಾಸನ:

ಎಲ್ಲರಿಗೂ ನಮಸ್ಕಾರ. ನಾವು ಡೆಟ್ರಾಯಿಟ್ ಹತ್ತಿರ ಕ್ಯಾಂಟನ್‌ನಲ್ಲಿದ್ದೇವೆ. ನಾನು, ಹೆಂಡತಿ, ಮೂರು ವರ್ಷದ ಮಗಳು. ಮನೆಗೆ ಒಂದು ದೊಡ್ಡ ಎಸ್‌ಯುವಿ ಇದೆ. ಎರಡನೇ ಕಾರು ಫೋರ್ಡ್ ಮಸ್ಟಾಂಗೇ ಆಗಬೇಕು ಅಂತ ತುಂಬಾ ದಿನದ ಆಸೆ. ಮನೆಯಲ್ಲೂ ಒಪ್ಪಿಗೆ ಸಿಕ್ಕಿದೆ. ಬಜೆಟ್ 26 ಸಾವಿರ ಡಾಲರ್ ಒಳಗೆ.

ಮೂರು ಗಾಡಿ ನೋಡಿಟ್ಟಿದ್ದೇನೆ. ಒಂದು 2019ರ ಇಕೋಬೂಸ್ಟ್ (ನಾಲ್ಕು ಸಿಲಿಂಡರ್), ಆಟೋಮ್ಯಾಟಿಕ್. ಇನ್ನೊಂದು 2016ರ ಜಿಟಿ (ಎಂಟು ಸಿಲಿಂಡರಿನ ವಿ8), ಮ್ಯಾನುವಲ್, ಪರ್ಫಾರ್ಮೆನ್ಸ್ ಪ್ಯಾಕೇಜ್ (ಕಂಪನಿಯೇ ಕೊಡುವ ಮೇಲ್ದರ್ಜೆಯ ಬ್ರೇಕ್, ಸ್ಪ್ರಿಂಗ್, ಟೈರ್) ಇದೆ. ಮೂರನೆಯದು 2018ರ ಜಿಟಿ, 10 ಸ್ಪೀಡ್ ಆಟೋಮ್ಯಾಟಿಕ್, ಪ್ಯಾಕೇಜ್ ಇಲ್ಲ, ಜಾಸ್ತಿ ಓಡಿದೆ. ಮೂರೂ ಹೆಚ್ಚು ಕಡಿಮೆ ಒಂದೇ ಬೆಲೆ.

ಆಫೀಸಿನ ಗೆಳೆಯರು ಗಾಡಿ ತಂದ ತಕ್ಷಣ ಕೋಲ್ಡ್ ಏರ್ ಇಂಟೇಕ್ (ಎಂಜಿನ್‌ಗೆ ಗಾಳಿ ಒಯ್ಯುವ ಬೇರೆ ಕೊಳವೆ) ಹಾಕಿಸಿ ಟ್ಯೂನ್ ಮಾಡಿಸು, ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸು ಅನ್ನುತ್ತಾರೆ. ಅದು ಸರಿನಾ? ಇಲ್ಲಿಯ ಚಳಿಗಾಲದಲ್ಲಿ ಇದನ್ನು ಓಡಿಸಬಹುದಾ? ಕೆಲವು ವರ್ಷ ಆದಮೇಲೆ ಊರಿಗೆ ವಾಪಸ್ ಹೋಗುವ ಯೋಚನೆಯೂ ಇದೆ. ಆಗ ಕಾರನ್ನು ಜೊತೆಗೆ ಒಯ್ಯಲು ಆಗುತ್ತಾ? ಇಟ್ಟುಕೊಂಡವರು ಹೇಳಿ.

ತುಮಕೂರು ವಿ8:

ನನ್ನದು 2016ರ ಜಿಟಿ, ಮ್ಯಾನುವಲ್, ಪರ್ಫಾರ್ಮೆನ್ಸ್ ಪ್ಯಾಕೇಜ್. ಇರೋದು ನೋವೈನಲ್ಲಿ, ಕೆಲಸ ಬ್ರೇಕ್ ಟೆಸ್ಟಿಂಗ್. ನಿಮ್ಮ ಪಟ್ಟಿಯಲ್ಲಿ ನನ್ನ ಓಟು 2016ರದ್ದಕ್ಕೇ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಬರೀ ಹಾರ್ಸ್‌ಪವರ್ ನೋಡಿ ಗಾಡಿ ತರುತ್ತಾರೆ.

ಎಂಜಿನ್ ಮಟ್ಟಿಗೆ 2018ರದ್ದೇ ಮೇಲು, ಎರಡು ಮಾತಿಲ್ಲ. ಎರಡೂ 5.0 ಲೀಟರ್ ಕಾಯೋಟಿ ವಿ8. 2015ರಿಂದ 17ರವರೆಗಿನದು 435 ಹಾರ್ಸ್‌ಪವರ್. 2018ರಲ್ಲಿ ಕಂಪ್ರೆಷನ್ ಅನುಪಾತ 12ಕ್ಕೆ ಏರಿಸಿ, ಪೋರ್ಟ್ ಇಂಜೆಕ್ಷನ್ ಜೊತೆಗೆ ಸಿಲಿಂಡರಿನ ಒಳಕ್ಕೇ ಪೆಟ್ರೋಲ್ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಕೂಡ ಕೊಟ್ಟು 460 ಮಾಡಿದರು. ಆದರೆ ಆ 25 ಹಾರ್ಸ್‌ಪವರ್ ರಸ್ತೆಯಲ್ಲಿ ನಿಮಗೆ ಗೊತ್ತಾಗುವುದು ಅಪರೂಪ. ಪ್ಯಾಕೇಜ್ ಮಾತ್ರ ಪ್ರತಿ ತಿರುವಿನಲ್ಲೂ, ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಗೊತ್ತಾಗುತ್ತದೆ.

ಅದರಲ್ಲಿ ಏನೇನು ಬರುತ್ತದೆ ನೋಡಿ. ಮುಂದೆ ಆರು ಪಿಸ್ಟನ್ನಿನ ಬ್ರೆಂಬೊ ಕಂಪನಿಯ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ), 15 ಇಂಚಿನ ಡಿಸ್ಕ್. ದೊಡ್ಡ ರೇಡಿಯೇಟರ್. ಗಟ್ಟಿ ಸ್ಪ್ರಿಂಗ್. 19 ಇಂಚಿನ ವೀಲ್, ಮುಂದೆ 255, ಹಿಂದೆ 275 ಅಗಲದ ಟೈರ್. ಮ್ಯಾನುವಲ್ ಆದರೆ 3.73 ಅನುಪಾತದ ಟಾರ್ಸೆನ್ ಡಿಫರೆನ್ಷಿಯಲ್, ಅಂದರೆ ಹಿಂದಿನ ಎರಡು ಚಕ್ರಕ್ಕೆ ಬಲ ಹಂಚುವ ಭಾಗ. ಮಾಮೂಲಿ ಮ್ಯಾನುವಲ್ ಜಿಟಿಗೆ 3.31 ಬರುತ್ತದೆ. ಎಂಜಿನ್ ಅದೇ, ಆದರೆ 3.73 ಇರೋ ಗಾಡಿ ಆಕ್ಸಿಲರೇಟರ್ ಮುಟ್ಟಿದರೆ ಸಾಕು, ಎದ್ದು ಹೋಗುತ್ತದೆ. ಇದನ್ನೆಲ್ಲ ಆಮೇಲೆ ಒಂದೊಂದಾಗಿ ಹಾಕಿಸಲು ಹೊರಟರೆ ದುಡ್ಡಿಗೆ ಮಿತಿಯೇ ಇರಲ್ಲ. ಮಾರುವವರು ಪ್ಯಾಕೇಜ್ ಇದೆ ಅಂದರೆ ನಂಬಿ ಸುಮ್ನಿರಬೇಡಿ. ಕ್ಯಾಲಿಪರ್ ನೋಡಿ, ಡ್ರೈವರ್ ಬಾಗಿಲಿನ ಸ್ಟಿಕರ್‌ನಲ್ಲಿ ಆಕ್ಸಲ್ ಕೋಡ್ ನೋಡಿ.

ಇಕೋಬೂಸ್ಟ್ ಕೆಟ್ಟ ಗಾಡಿಯಲ್ಲ. 2.3 ಲೀಟರ್ ಟರ್ಬೊ, 310 ಹಾರ್ಸ್‌ಪವರ್, ಮೂತಿ ಹಗುರ, ಮೈಲೇಜ್ ಚೆನ್ನಾಗಿದೆ. ಆದರೆ ತುಂಬಾ ದಿನದ ಆಸೆ ಅಂದಿರಲ್ಲ, ಆ ಆಸೆ ವಿ8 ಸದ್ದಿನದ್ದು ತಾನೇ? ನಾಲ್ಕು ಸಿಲಿಂಡರಿನಲ್ಲಿ ಅದು ತೀರುವುದಿಲ್ಲ.

ಈಗ ಅಪ್‌ಗ್ರೇಡ್ ವಿಷಯ. ಇಂಟೇಕ್ ಮೊದಲು ಬೇಡ. ಕಂಪನಿಯ ಏರ್ ಬಾಕ್ಸ್ ಚೆನ್ನಾಗಿಯೇ ಇದೆ. ಬರೀ ಇಂಟೇಕ್ ಬದಲಿಸಿದರೆ ಸದ್ದು ಜಾಸ್ತಿ ಆಗುತ್ತದೆ, ಬಲ ಅಷ್ಟಾಗಿ ಏರುವುದಿಲ್ಲ. ಇನ್ನೊಂದು ವಿಷಯ ಇದೆ. ಒಳಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ಆ ಕೊಳವೆಯಲ್ಲೇ ಕೂತಿರುತ್ತದೆ. ಕೊಳವೆಯ ಅಗಲ ಬದಲಾದರೆ ಕಂಪ್ಯೂಟರ್ ಲೆಕ್ಕ ತಪ್ಪುತ್ತದೆ, ಪೆಟ್ರೋಲ್ ಕಮ್ಮಿ ಬಿಡುತ್ತದೆ. ಅದಕ್ಕೇ ಹಲವು ಇಂಟೇಕ್‌ಗಳಿಗೆ ಟ್ಯೂನ್ ಕಡ್ಡಾಯ.

ನನ್ನ ಪ್ರಕಾರ ಮೊದಲ ದುಡ್ಡು ಟೈರಿಗೆ. ಎರಡನೆಯದು ಬ್ರೇಕ್ ಫ್ಲೂಯಿಡ್‌ಗೆ. ಇದು ಯಾರ ಕಣ್ಣಿಗೂ ಕಾಣದ ಖರ್ಚು, ಆದರೆ ಬ್ರೇಕ್ ಕೆಲಸ ಮಾಡುವ ನನಗೆ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಫ್ಲೂಯಿಡ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಹಳೆಯದಾದಷ್ಟೂ ಕುದಿಯುವ ಬಿಂದು ಇಳಿಯುತ್ತದೆ. ಡಿಸ್ಕ್ ಬಿಸಿಯಾದಾಗ ಫ್ಲೂಯಿಡ್ ಕುದ್ದರೆ ಪೆಡಲ್ ಒತ್ತಿದಷ್ಟೂ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಬ್ರೆಂಬೊ ಇದ್ದು ಏನು ಪ್ರಯೋಜನ? ಇನ್ನೂ ಒಂದು ಲಾಭ ಇದೆ. ಈ ಗಾಡಿಯಲ್ಲಿ ಕ್ಲಚ್‌ಗೂ ಅದೇ ಡಬ್ಬಿಯಿಂದ ಫ್ಲೂಯಿಡ್ ಹೋಗುತ್ತದೆ. ಕಪ್ಪಾಗಿರುವುದನ್ನು ಪೂರ್ತಿ ತೆಗೆಸಿ ಹೊಸ ಡಾಟ್ 4 ತುಂಬಿಸಿದರೆ ಗೇರ್ ಬೀಳುವುದೂ ಸಲೀಸಾಗುತ್ತದೆ. ಈ ಮ್ಯಾನುವಲ್‌ನ ಎಂಟಿ82 ಗೇರ್‌ಬಾಕ್ಸ್ ಚಳಿಯಲ್ಲಿ ಬಿಗಿ, ಅದರಲ್ಲೂ ಎರಡನೇ ಗೇರ್ ಅಂತ ಓನರ್‌ಗಳೆಲ್ಲ ಹೇಳುತ್ತಾರೆ. ಹೊರಟ ಮೊದಲ ಕೆಲವು ಮೈಲಿ ಅವಸರ ಮಾಡದೆ ಗೇರ್ ಹಾಕಿ.

ಮೂರನೆಯದು ಹಿಂದಿನ ಸಬ್‌ಫ್ರೇಮ್, ಅಂದರೆ ಹಿಂದಿನ ಸಸ್ಪೆನ್ಷನ್ ಕೂರುವ ಲೋಹದ ಚೌಕಟ್ಟು. ನನಗೆ ಈ ಕಾರಿನಲ್ಲಿ ಅತಿ ಕುತೂಹಲದ ಭಾಗ ಇದೇ. 2015ರ ಮಾಡೆಲ್‌ನಿಂದ ಎಲ್ಲಾ ಮಸ್ಟಾಂಗ್‌ಗೂ ಇಂಡಿಪೆಂಡೆಂಟ್ ರಿಯರ್ ಸಸ್ಪೆನ್ಷನ್ (ಹಿಂದಿನ ಎರಡು ಚಕ್ರ ಬೇರೆಬೇರೆಯಾಗಿ ಅಲುಗುವ ವ್ಯವಸ್ಥೆ) ಬಂತು. ಅದಕ್ಕೂ ಮೊದಲು, 1999ರಿಂದ 2004ರ ನಡುವಿನ ಕೋಬ್ರಾ ಮಾಡೆಲ್ ಬಿಟ್ಟರೆ, ಹಿಂದೆ ಒಂದೇ ಗಟ್ಟಿ ಆಕ್ಸಲ್. ಹೊಸ ಸಸ್ಪೆನ್ಷನ್ನನ್ನು ಒಂದು ಸಬ್‌ಫ್ರೇಮ್ ಮೇಲೆ ಕೂರಿಸಿ, ಅದನ್ನು ಬಾಡಿಗೆ ನಾಲ್ಕು ದಪ್ಪ ರಬ್ಬರ್ ಬುಷ್‌ಗಳಲ್ಲಿ ಬಿಗಿದಿದ್ದಾರೆ. ಸದ್ದು, ನಡುಕ ಒಳಗೆ ಬರಬಾರದು ಅಂತ ಮೆತ್ತಗಿನ ರಬ್ಬರ್. ಜೋರಾಗಿ ಎಳೆದಾಗ ಇಡೀ ಸಬ್‌ಫ್ರೇಮೇ ಅಲುಗುತ್ತದೆ. ಹಿಂದಿನ ಚಕ್ರ ಒಂದು ಕ್ಷಣ ಹಿಡಿಯುತ್ತದೆ, ಒಂದು ಕ್ಷಣ ಬಿಡುತ್ತದೆ, ಗಾಡಿಯ ಹಿಂಭಾಗ ದಡದಡ ಕುಣಿಯುತ್ತದೆ. ಇದನ್ನೇ ವೀಲ್ ಹಾಪ್ ಅನ್ನುತ್ತಾರೆ. ಹೆಚ್ಚಾದರೆ ಆಕ್ಸಲ್ ಮುರಿಯುವುದೂ ಉಂಟು. ಆ ಬುಷ್‌ಗಳು ಅಲುಗದ ಹಾಗೆ ಬಿಗಿಯುವ ಲಾಕ್‌ಔಟ್ ಕಿಟ್ ಬಿಎಂಆರ್, ಸ್ಟೀಡಾ ಕಂಪನಿಗಳಿಂದ ಸಿಗುತ್ತದೆ. ಕೆಲವನ್ನು ಸಬ್‌ಫ್ರೇಮ್ ಇಳಿಸದೆಯೇ ಹಾಕಬಹುದು. ಇದರಿಂದ ಒಂದು ಹಾರ್ಸ್‌ಪವರ್ ಕೂಡ ಸಿಗುವುದಿಲ್ಲ, ಆದರೆ ಎಂಜಿನ್ ಕೊಡುವ 435 ನೆಲ ಮುಟ್ಟುತ್ತದೆ. ನನ್ನ ಕಾರಿಗೆ ಮಾಡಿಸಿದ್ದರಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಸೌತ್ ಹೇವನ್‌ನ ಜಿಂಜರ್‌ಮನ್ ಟ್ರ್ಯಾಕಿನಲ್ಲಿ ತಿರುವಿನಿಂದ ಹೊರಬರುವಾಗ ಹಿಂಭಾಗ ಅಲುಗದೆ ನಿಂತದ್ದನ್ನು ಸೀಟಿನಲ್ಲೇ ಅನುಭವಿಸಬಹುದು.

ಸೈಲೆನ್ಸರ್ ನಿಮ್ಮ ಇಷ್ಟ. ಆಕ್ಸಲ್‌ನಿಂದ ಹಿಂದಕ್ಕೆ ಮಾತ್ರ ಬದಲಿಸುವ ಕಿಟ್ ಸಾಕು, ಮಗು ಇರೋ ಮನೆ. ಎಂಜಿನ್‌ಗೆ ಗಾಳಿ ಒತ್ತಿ ತುಂಬಿ ಬಲ ಏರಿಸುವ ಸೂಪರ್‌ಚಾರ್ಜರ್ ಆಸೆ ಬಂದರೆ ಆಗ ಬೇರೆ ಲೆಕ್ಕ. ಕಾಯೋಟಿಯ ಆಯಿಲ್ ಪಂಪ್ ಗೇರ್ ಲೋಹದ ಪುಡಿ ಒತ್ತಿ ಮಾಡಿದ್ದು. ಬೂಸ್ಟ್ (ಆ ಗಾಳಿಯ ಒತ್ತಡ) ಏರಿಸಿ ಪದೇಪದೇ ಎಂಜಿನ್ ವೇಗದ ಮಿತಿ (ರೆವ್ ಲಿಮಿಟರ್) ಮುಟ್ಟಿದರೆ ಒಡೆಯುತ್ತದೆ, ಒಡೆದರೆ ಎಂಜಿನ್ನೇ ಹೋಯಿತು. ಗಟ್ಟಿ ಉಕ್ಕಿನದ್ದು ಹಾಕಿಸದೆ ಆ ಕಡೆ ಹೋಗಬೇಡಿ.

ಚಳಿಗಾಲ. ಪ್ಯಾಕೇಜ್ ಜೊತೆ ಬಂದದ್ದು ಸಮ್ಮರ್ ಟೈರ್. ಸುಮಾರು 7 ಡಿಗ್ರಿಗಿಂತ ಕೆಳಗೆ ರಬ್ಬರ್ ಗಟ್ಟಿಯಾಗಿ ಹಿಡಿತ ಹೋಗುತ್ತದೆ. ಹಿಮದಲ್ಲಂತೂ ಮಾತೇ ಇಲ್ಲ. ಓಡಿಸಲೇಬೇಕು ಅಂದರೆ ಬೇರೆ ವೀಲ್, ವಿಂಟರ್ ಟೈರ್. ಬ್ರೆಂಬೊ ಮೇಲೆ ಕೆಲವು 18 ಇಂಚಿನ ವೀಲ್ ಕೂರುವುದಿಲ್ಲ, ಅಳತೆ ಕೇಳಿ ತಗೊಳ್ಳಿ. ನಾನು ಓಡಿಸುವುದಿಲ್ಲ. ರಸ್ತೆಗೆ ಉಪ್ಪು ಬಿದ್ದ ದಿನ ಗ್ಯಾರೇಜಿಗೆ ಹಾಕಿ, ಬ್ಯಾಟರಿಗೆ ಚಿಕ್ಕ ಚಾರ್ಜರ್ ಚುಚ್ಚಿ, ಟ್ಯಾಂಕ್ ತುಂಬಿಸಿ ಸ್ಟೆಬಿಲೈಸರ್ ಹಾಕಿ, ಟೈರಿಗೆ ಸ್ವಲ್ಪ ಜಾಸ್ತಿ ಗಾಳಿ ಹೊಡೆದು ಮುಚ್ಚಿಡುತ್ತೇನೆ. ನಿಮ್ಮ ಮನೆಯಲ್ಲಿ ಎಸ್‌ಯುವಿ ಇದೆ, ನೀವೂ ಹಾಗೇ ಮಾಡಬಹುದು.

ಕೊಳ್ಳುವಾಗ ಲಿಫ್ಟ್ ಮೇಲೆ ಎತ್ತಿಸಿಯೇ ನೋಡಿ. ಬಾನೆಟ್, ಮುಂದಿನ ಫೆಂಡರ್ ಅಲ್ಯೂಮಿನಿಯಂ, ಆದ್ದರಿಂದ ಮೇಲಿಂದ ನೋಡಿದರೆ ಉಪ್ಪು ತಿಂದದ್ದು ಗೊತ್ತಾಗಲ್ಲ. ತುಕ್ಕು ಇರೋದು ಕೆಳಗೆ, ಹಿಂದಿನ ಸಸ್ಪೆನ್ಷನ್ ತೋಳುಗಳಲ್ಲಿ, ಬ್ರೇಕ್ ಪೈಪಿನಲ್ಲಿ. ದುಡ್ಡು ಕೊಡುವ ಮುಂಚೆ ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ಕೊಟ್ಟು ಇನ್ಶೂರೆನ್ಸ್ ದರ ಕೇಳಿ. ಮಿಷಿಗನ್ ಇನ್ಶೂರೆನ್ಸ್ ದುಬಾರಿ, ಗೊತ್ತೇ ಇದೆ. 2020ರ ಜುಲೈನಿಂದ ವೈದ್ಯಕೀಯ ರಕ್ಷಣೆಯ ಮಿತಿಯನ್ನು ನಾವೇ ಆರಿಸಬಹುದು. ಆದರೆ ಮಗಳನ್ನು ಕೂರಿಸುವ ಗಾಡಿ, ಕಂತು ಇಳಿಸಲು ಅದನ್ನು ಕಡಿಮೆ ಮಾಡಬೇಡಿ.

ಫ್ರೀಮಾಂಟ್ ಅಕ್ಕ:

ತುಮಕೂರಿನವರ ಮಾತು ಬಹುಪಾಲು ಒಪ್ಪುತ್ತೇನೆ, ಮ್ಯಾನುವಲ್ ಒಂದು ಬಿಟ್ಟು. ನನ್ನದು 2018ರ ಜಿಟಿ, ಆಟೋಮ್ಯಾಟಿಕ್. ದಿನಾ 880 ಹೈವೇಯಲ್ಲಿ ಸಾಲಿನಲ್ಲಿ ತೆವಳುವವಳಿಗೆ ಕ್ಲಚ್ ಶಿಕ್ಷೆ. ದಿನನಿತ್ಯ ಆಫೀಸಿಗೆ ಒಯ್ಯುವುದಾದರೆ ಆಟೋಮ್ಯಾಟಿಕ್ಕನ್ನು ಒಮ್ಮೆ ಓಡಿಸಿ ನೋಡಿಯೇ ತೀರ್ಮಾನ ಮಾಡಿ. ಟೆಸ್ಟ್ ಡ್ರೈವ್‌ನಲ್ಲಿ ನಿಧಾನಕ್ಕೆ ಹೋಗುವಾಗ ಗೇರ್ ಬದಲಾಗುವುದನ್ನು ಗಮನಿಸಿ. ಧಕ್ಕೆ ಹೊಡೆದ ಹಾಗೆ ಆದರೆ ಆ ಗಾಡಿ ಬಿಡಿ. ಸೈಲೆನ್ಸರ್ ಸದ್ದನ್ನು ಏರಿಸಿ ಇಳಿಸಬಲ್ಲ ಆಕ್ಟಿವ್ ಎಕ್ಸಾಸ್ಟ್ ಇದ್ದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಸದ್ದಿಲ್ಲದೆ ಶುರುವಾಗುವ ಹಾಗೆ ಸಮಯ ಇಡಬಹುದು, ಅಕ್ಕಪಕ್ಕದವರ ಜೊತೆ ಜಗಳ ಇಲ್ಲ.

ಮಗಳ ಸೀಟು ಮುಂದೆ ಮುಖ ಮಾಡಿದ್ದಾದರೆ ಹಿಂದೆ ಕೂರುತ್ತದೆ. ನನ್ನ ಮಗ ಅಲ್ಲೇ ಕೂತು ಬೆಳೆದ. ಆದರೆ ಎರಡೇ ಬಾಗಿಲು, ಪ್ರತಿ ಸಲ ಬಗ್ಗಿ ಬೆಲ್ಟ್ ಹಾಕಬೇಕು. ಕೊಳ್ಳುವ ಮುಂಚೆ ಸೀಟು ತೆಗೆದುಕೊಂಡು ಹೋಗಿ ಕೂರಿಸಿ ನೋಡಿ. ಮನೆಯವರನ್ನೂ ಕರೆದುಕೊಂಡು ಹೋಗಿ.

ಟ್ಯೂನ್ ಬಗ್ಗೆ ಒಂದು ಮಾತು. ಮುಂದೆ ಕ್ಯಾಲಿಫೋರ್ನಿಯಾಕ್ಕೆ ಬರುವ ಸಾಧ್ಯತೆ ಇದ್ದರೆ ಈಗಲೇ ಯೋಚಿಸಿ. ಇಲ್ಲಿ ಎಂಜಿನ್ ಹೊಗೆಗೆ ಸಂಬಂಧಿಸಿದ ಯಾವ ಭಾಗ ಹಾಕಿದರೂ ಕಾರ್ಬ್ (ಇಲ್ಲಿಯ ವಾಯುಮಾಲಿನ್ಯ ನಿಯಂತ್ರಣ ಮಂಡಳಿ) ಕೊಟ್ಟ ಇಒ ನಂಬರ್, ಅಂದರೆ ಒಪ್ಪಿಗೆ ಸಂಖ್ಯೆ ಇರಬೇಕು. 2021ರ ಜುಲೈನಿಂದ ಸ್ಮಾಗ್ (ಹೊಗೆ) ಪರೀಕ್ಷೆಯಲ್ಲಿ ಕಂಪ್ಯೂಟರಿನ ಸಾಫ್ಟ್‌ವೇರನ್ನೂ ನೋಡುತ್ತಾರೆ. ಮಿಷಿಗನ್‌ನಲ್ಲಿ ಅಂಥ ಪರೀಕ್ಷೆ ಇಲ್ಲ. ಹಾಗಂತ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಹಾಕಬೇಡಿ, ಅದು ಇಡೀ ದೇಶಕ್ಕೇ ಕಾನೂನುಬಾಹಿರ.

ಜಯನಗರ 9ನೇ ಬ್ಲಾಕ್:

ಊರಿಗೆ ತರುವ ವಿಷಯಕ್ಕೆ ಮಾತ್ರ ಉತ್ತರ. ಆಗುವುದಿಲ್ಲ. ಹಳೆ ಕಾರು ಆಮದು ಮಾಡಬೇಕಾದರೆ ಸ್ಟೀರಿಂಗ್ ಬಲಗಡೆ ಇರಬೇಕು, ತಯಾರಾಗಿ 3 ವರ್ಷ ದಾಟಿರಬಾರದು. ಅಲ್ಲೇ ಮಾರಿ ಬನ್ನಿ. ಇಲ್ಲಿ ಬೇಕು ಅಂದರೆ 2016ರಲ್ಲಿ ಫೋರ್ಡ್ ಅಧಿಕೃತವಾಗಿ ತಂದ ಬಲಗಡೆ ಸ್ಟೀರಿಂಗಿನ ಜಿಟಿಗಳು ಬೆಂಗಳೂರಿನಲ್ಲೂ ಇವೆ. ಆಗ ದೆಹಲಿ ಎಕ್ಸ್ ಶೋರೂಮ್ ಬೆಲೆ 65 ಲಕ್ಷ. ಬಂದದ್ದು ಆಟೋಮ್ಯಾಟಿಕ್ ಮಾತ್ರ, ಹಾಗಾಗಿ ಮ್ಯಾನುವಲ್ ಓಡಿಸುವ ಸುಖ ಅಲ್ಲಿದ್ದಾಗಲೇ ಅನುಭವಿಸಿಬಿಡಿ.

ಕ್ಯಾಂಟನ್ ಹಾಸನ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನೀವು ಹೇಳಿದ ಹಾಗೆ ಮಗಳ ಸೀಟು ಒಯ್ದು ಕೂರಿಸಿದೆವು, ಕೂತಿತು. ಹೆಂಡತಿಗೂ 2016ರದ್ದೇ ಹಿಡಿಸಿತು. ತುಮಕೂರು ಅಣ್ಣ, ಕ್ಯಾಲಿಪರ್, ಆಕ್ಸಲ್ ಕೋಡ್ ಎರಡನ್ನೂ ನೋಡಿ ಬಂದೆ, ಪ್ಯಾಕೇಜ್ ನಿಜ. ಏರ್ ಬಾಕ್ಸ್ ಕಂಪನಿಯದ್ದೇ. ಟೈರಿನ ಮೇಲೆ 2316 ಅಂತ ಇದೆ, ಆದರೆ ಗುಂಡಿ (ಟೈರಿನ ಮೇಲಿನ ಉಬ್ಬು) ಇನ್ನೂ ಚೆನ್ನಾಗಿದೆ. ಮಾರುವವರು ಹೊಸದರ ಹಾಗೇ ಇದೆ ಅನ್ನುತ್ತಾರೆ. ತಣ್ಣಗಿದ್ದಾಗ ಶುರು ಮಾಡಿದರೆ ಸಣ್ಣಗೆ ಟಿಕ್ ಟಿಕ್ ಅನ್ನುತ್ತದೆ. ಹೆದರಬೇಕಾ?

ತುಮಕೂರು ವಿ8:

2316 ಅಂದರೆ 2016ರ 23ನೇ ವಾರ. ಅಂದರೆ ಫ್ಯಾಕ್ಟರಿಯಿಂದ ಬಂದ ಟೈರೇ. ಎರಡು ಅರ್ಥ ಇದೆ. ಒಳ್ಳೆಯದು ಏನೆಂದರೆ ಗಾಡಿ ನಿಜವಾಗಿ ಕಮ್ಮಿ ಓಡಿದೆ, ಯಾರೂ ಚಕ್ರ ಸುಟ್ಟು ಮೆರೆದಿಲ್ಲ. ಆದರೆ ಗುಂಡಿ ಇದ್ದರೂ ಆ ರಬ್ಬರಿಗೆ ವಯಸ್ಸಾಗಿದೆ, ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ. ಮಗಳನ್ನು ಕೂರಿಸಿಕೊಂಡು ಹೈವೇಗೆ ಹೋಗುವ ಮುಂಚೆ ನಾಲ್ಕೂ ಬದಲಿಸಿ. 19 ಇಂಚಿನ ನಾಲ್ಕು ಟೈರಿನ ಕೊಟೇಶನ್ ತಗೊಂಡು ಹೋಗಿ ಬೆಲೆಯಲ್ಲಿ ಇಳಿಸಲು ಕೇಳಿ, ಅದು ನ್ಯಾಯವಾದ ಕೇಳಿಕೆ.

ಟಿಕ್ ಟಿಕ್ ಇಂಜೆಕ್ಟರಿನದ್ದಾದರೆ ಸಹಜ, ಈ ಎಂಜಿನ್‌ನಲ್ಲಿ ಕೇಳಿಸುತ್ತದೆ. ಬಿಸಿಯಾದ ಮೇಲೂ ಕೇಳಿ. ಆಯಿಲ್ ಬಿಸಿಯಾದಂತೆ ಸದ್ದು ಜೋರಾದರೆ, ಅಥವಾ ಒಂದೇ ಕಡೆಯಿಂದ ಬಡಿದ ಹಾಗೆ ಬಂದರೆ ಮೆಕ್ಯಾನಿಕ್ ನೋಡದೆ ಸಹಿ ಹಾಕಬೇಡಿ. ಆಯಿಲ್ ಬದಲಿಸಿದ ರಸೀದಿ ಕೇಳಿ. ಇದಕ್ಕೆ 8 ಕ್ವಾರ್ಟ್ 5ಡಬ್ಲ್ಯೂ-20 ಬೇಕು.

ಶನಿವಾರ ಬೆಳಿಗ್ಗೆ ನನಗೆ ಬಿಡುವಿದೆ. ಮಾರುವವರು ಒಪ್ಪಿದರೆ ನಾನೂ ಬರುತ್ತೇನೆ. ನಾವು ಬರುವವರೆಗೆ ಎಂಜಿನ್ ಶುರು ಮಾಡಬೇಡಿ ಅಂತ ಅವರಿಗೆ ಹೇಳಿಡಿ, ತಣ್ಣಗಿನ ಸದ್ದಿನಿಂದಲೇ ಕೇಳೋಣ.