ಗುಡ್ಡದ ಮೇಲಿನ ಮನೆಗೆ ಎರಡು ಬಾಗಿಲಿನ ಕಾರು ಆದೀತೇ?

ಪ್ರಶ್ನೆ (ಕಾಸರಗೋಡಿನ ಬದಿಯಡ್ಕ ಸಮೀಪದಿಂದ):

ಅಣ್ಣಾ, ನಮಸ್ಕಾರ. ಕಾರಿನ ಗುಂಪಿನಲ್ಲಿ ಮೆಕ್ಯಾನಿಕ್ ಆಗಿ ನೀವು ಕೊಡುವ ಉತ್ತರಗಳನ್ನು ಓದುತ್ತಾ ಬಂದಿದ್ದೇನೆ, ಕೇಳುವುದು ಇದೇ ಮೊದಲು. ಏಳು ವರ್ಷ ಶಾರ್ಜಾದಲ್ಲಿದ್ದೆ. ಅಲ್ಲಿ ಬಳಸಿದ ಟೊಯೋಟಾ 86 ಎಂಬ ಎರಡು ಬಾಗಿಲಿನ ತಗ್ಗಿನ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ನಾಲ್ಕು ವರ್ಷ ದಿನವೂ ಓಡಿಸಿದೆ. ಕಚೇರಿಗೂ ಅದೇ, ಮೀನು ತರುವುದಕ್ಕೂ ಅದೇ. ಈಗ ಊರಿಗೆ ಬಂದು ನೆಲೆಸುತ್ತಿದ್ದೇನೆ. ವಾರಕ್ಕೆ ನಾಲ್ಕು ದಿನ ಮಂಗಳೂರಿಗೆ ಹೋಗಿಬರುವ ಕೆಲಸ ಸಿಕ್ಕಿದೆ. ಆ ಕಾರನ್ನು ಇಲ್ಲಿಗೆ ತರಬಹುದೇ? ಆಗದಿದ್ದರೆ ಬೆಂಗಳೂರಿನಲ್ಲಿ ಎರಡನೇ ತಲೆಮಾರಿನ ಆಡಿ ಟಿಟಿ ಒಂದನ್ನು (ಅದೂ ಎರಡು ಬಾಗಿಲಿನ ತಗ್ಗಿನ ಕಾರು) ನೋಡಿಟ್ಟಿದ್ದೇನೆ. ಹೊಸ ಮಧ್ಯಮ ಗಾತ್ರದ ಎಸ್‌ಯುವಿಗೆ ಕೊಡುವ ಹಣದಲ್ಲಿ ಅದು ಬರುತ್ತದೆ. ಮನೆಯಲ್ಲಿ ಹೆಂಡತಿ, ಐದು ವರ್ಷದ ಮಗಳು, ಮೊಣಕಾಲು ನೋವಿನ ಅಮ್ಮ ಇದ್ದಾರೆ. ಅಪ್ಪ ಬಿಟ್ಟುಹೋದ ಹಳೆಯ ವ್ಯಾಗನ್ ಆರ್ ಇದೆ, ಅದನ್ನು ಮಾರುವ ಯೋಚನೆ. ಮನೆ ಗುಡ್ಡದ ಮೇಲೆ, ಡಾಂಬರು ರಸ್ತೆಯಿಂದ ಇನ್ನೂರು ಮೀಟರ್ ನಮ್ಮದೇ ದಾರಿ. ಕೇಳಿದವರೆಲ್ಲ ಹುಚ್ಚು ಎನ್ನುತ್ತಾರೆ. ನೀವು ಏನು ಹೇಳುತ್ತೀರಿ?

ಉತ್ತರ:

ಅಲ್ಲಿಂದ ತರುವ ಯೋಚನೆಯನ್ನು ಇವತ್ತೇ ಬಿಟ್ಟುಬಿಡಿ. ಬಳಸಿದ ಕಾರು ಭಾರತಕ್ಕೆ ಬರಬೇಕಾದರೆ ಅದು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು, ಮುಂಬೈ ಬಂದರಿನಲ್ಲೇ ಇಳಿಯಬೇಕು. ನಿಮ್ಮದು ಗಲ್ಫಿನ ಕಾರು, ಸ್ಟಿಯರಿಂಗ್ ಎಡಗಡೆ. ಅಲ್ಲಿಗೇ ಮಾತು ಮುಗಿಯಿತು. ಮುಗಿಯದಿದ್ದರೂ ಸುಂಕವೇ ಕಾರಿನ ಬೆಲೆಯನ್ನು ಮೀರುತ್ತದೆ. ಗಲ್ಫ್ ನಂಬರಿನ ಕಾರುಗಳು ಇಲ್ಲಿ ಓಡಾಡುವುದನ್ನು ನೀವು ಕಂಡಿರಬಹುದು. ಅವು ಕಾರ್ನೆಟ್ ದಾಖಲೆಯ ಮೇಲೆ ಪ್ರವಾಸಕ್ಕೆಂದು ಬಂದವು, ಅವಧಿ ಮುಗಿದ ಮೇಲೆ ಹಿಂದಕ್ಕೆ ಹೋಗಲೇಬೇಕು.

ಹುಚ್ಚು ಎಂದು ನಾನು ಹೇಳುವುದಿಲ್ಲ. 86ನ್ನು ದಿನವೂ ಓಡಿಸಿದವರಿಗೆ ಬೇರೆ ಕಾರು ಯಾಕೆ ರುಚಿಸುವುದಿಲ್ಲ ಎಂಬುದು ನನಗೆ ಗೊತ್ತು. 2012ರಲ್ಲಿ ಟೊಯೋಟಾ ಮತ್ತು ಸುಬಾರು ಸೇರಿ ಅದನ್ನು ತಂದಾಗ ದೊಡ್ಡ ಶಕ್ತಿಯ ಹಿಂದೆ ಬೀಳಲಿಲ್ಲ. ಎರಡು ಲೀಟರಿನ, ಸುಮಾರು 200 ಅಶ್ವಶಕ್ತಿಯ ಎಂಜಿನ್. ಅದರ ಸಿಲಿಂಡರುಗಳು ನಿಂತಿಲ್ಲ, ಎರಡು ಬದಿಗೆ ಮಲಗಿವೆ. ಹಾಗಾಗಿ ಭಾರವೆಲ್ಲ ಕೆಳಗೆ ಕೂತಿದೆ. ಟಯರ್ ಕೂಡ ಬೇಕೆಂದೇ ತೆಳ್ಳಗಿನದು ಕೊಟ್ಟರು. ಗಂಟೆಗೆ ಐವತ್ತರ ವೇಗದಲ್ಲಿ ಸಾಮಾನ್ಯ ತಿರುವಿನಲ್ಲೂ ಕಾರು ಕೈಗೆ ಮಾತಾಡುತ್ತದೆ. ದಿನದ ಓಡಾಟಕ್ಕೆ ಬೇಕಾದ ಸುಖ ಅದೇ, ನೂರೈವತ್ತರ ವೇಗ ಯಾರಿಗೂ ಬೇಡ.

ಟಿಟಿ ಬೇರೆ ಜಾತಿಯದು. ಅದರಲ್ಲಿ ಎಂಜಿನ್ ಮುಂದೆ ಅಡ್ಡಲಾಗಿ ಕೂತಿದೆ, ಎಳೆತ ಮುಂದಿನ ಗಾಲಿಗಳಿಗೆ ಅಥವಾ ನಾಲ್ಕಕ್ಕೂ. 86ರ ಹಾಗೆ ಹಿಂದಿನಿಂದ ತಳ್ಳುವ ಅನುಭವ ಸಿಗದು. ಆದರೆ ನಮ್ಮ ಮಳೆಗೆ ಅದೇ ಒಳ್ಳೆಯದು. ಇನ್ನೊಂದು ಲಾಭವೂ ಇದೆ: ಅದೇ ಕುಟುಂಬದ ಎಂಜಿನ್ ಮತ್ತು ಗೇರ್‌ಬಾಕ್ಸ್ ನಮ್ಮಲ್ಲಿ ಓಡುವ ಸ್ಕೋಡಾ, ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಇವೆ. ಫಿಲ್ಟರ್, ಸೆನ್ಸರ್, ಬುಶ್ ಮಂಗಳೂರಿನಲ್ಲಿ ತರಿಸಬಹುದು. ಕಷ್ಟವಿರುವುದು ಮೈಯ ಭಾಗಗಳಿಗೆ. 2023ರಲ್ಲಿ ಟಿಟಿ ತಯಾರಿಕೆಯೇ ನಿಂತಿದೆ. ನೀವು ನೋಡಿದ ಮಾದರಿಯಲ್ಲಿ ದೇಹದ ಬಹುಪಾಲು ಅಲ್ಯೂಮಿನಿಯಂ, ಬಾಗಿಲು ಮತ್ತು ಹಿಂಭಾಗದ ಕೆಲವು ಭಾಗ ಉಕ್ಕು. ನಮ್ಮ ಟಿಂಕರಿಂಗ್ ಮೇಸ್ತ್ರಿಗಳು ಎಷ್ಟೇ ಕೈಚಳಕದವರಾದರೂ ಅಲ್ಯೂಮಿನಿಯಂ ಅವರ ಸುತ್ತಿಗೆಗೆ ಒಗ್ಗುವುದಿಲ್ಲ. ಆದ್ದರಿಂದ ಎಂಜಿನ್ ನೋಡುವ ಮೊದಲು ಬಾಗಿಲು, ದೀಪ, ಮುಂದಿನ ಮಡ್‌ಗಾರ್ಡ್ ಇವುಗಳ ಸಂದುಗಳನ್ನು ನೋಡಿ. ಎಡಬಲ ಒಂದೇ ಅಗಲ ಇರಬೇಕು. ಒಮ್ಮೆ ಗುದ್ದಿಸಿಕೊಂಡ ಟಿಟಿಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.

ಇದೆಲ್ಲಕ್ಕಿಂತ ಮುಖ್ಯವಾದ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ: ಆ ಇನ್ನೂರು ಮೀಟರ್ ದಾರಿ. ಇಪ್ಪತ್ತಾರು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ತಗ್ಗಿನ ಕಾರು ಕೊಂಡು ವರ್ಷದೊಳಗೆ ಮಾರಿದವರಲ್ಲಿ ಎಂಜಿನ್ ಕೈಕೊಟ್ಟು ಮಾರಿದವರು ಕಡಿಮೆ. ಹೆಚ್ಚಿನವರು ಸೋತದ್ದು ಮನೆಯ ಗೇಟಿನಲ್ಲಿ. ಹೆದ್ದಾರಿಯ ಚಿಂತೆ ಬೇಡ. ತಲಪಾಡಿಯಿಂದ ಚೆಂಗಳದವರೆಗಿನ ಆರು ಪಥದ 39 ಕಿ.ಮೀ. ಇಂತಹ ಕಾರಿಗೆ ಹೇಳಿ ಮಾಡಿಸಿದ ಹಾಗಿದೆ. ಕುಂಬಳೆಗೆ ಇಳಿಯುವ ರಸ್ತೆಯೂ ನಡೆಯುತ್ತದೆ. ನಿಮ್ಮ ಕಾರಿನ ಭವಿಷ್ಯ ನಿಮ್ಮ ಅಂಗಳಕ್ಕೆ ಏರುವ ದಾರಿಯಲ್ಲಿದೆ.

ಅದನ್ನು ಕಾರಿಲ್ಲದೆಯೇ ಪರೀಕ್ಷೆ ಮಾಡಬಹುದು. ಇಂತಹ ಕಾರುಗಳ ಹೊಟ್ಟೆ ನೆಲದಿಂದ ಹನ್ನೆರಡು, ಹದಿಮೂರು ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಜನ ಕೂತರೆ ಇನ್ನೂ ತಗ್ಗುತ್ತದೆ, ಹತ್ತು ಎಂದೇ ಹಿಡಿಯಿರಿ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ದೂರ ಟಿಟಿಯಲ್ಲಿ ಎರಡೂವರೆ ಮೀಟರಿಗೆ ತುಸು ಕಡಿಮೆ. ಹತ್ತು ಸೆಂಟಿಮೀಟರ್ ಎತ್ತರದ ಎರಡು ಮರದ ತುಂಡು ತೆಗೆದುಕೊಳ್ಳಿ. ಅಡಿಕೆ ಸಸಿ ನೆಡಲು ಸಾಲು ಹಿಡಿಯುವ ನೈಲಾನ್ ಹಗ್ಗ ಮನೆಯಲ್ಲಿ ಇದ್ದೇ ಇರುತ್ತದೆ. ತುಂಡುಗಳನ್ನು ಎರಡೂವರೆ ಮೀಟರ್ ದೂರದಲ್ಲಿಟ್ಟು ಅವುಗಳ ತಲೆಯ ಮೇಲೆ ಹಗ್ಗವನ್ನು ಬಿಗಿಯಾಗಿ ಎಳೆಯಿರಿ. ಒಬ್ಬರು ಮುಂದೆ, ಒಬ್ಬರು ಹಿಂದೆ ಹಿಡಿದು, ಒಂದೊಂದೇ ಹೆಜ್ಜೆ ಸರಿಸುತ್ತಾ ರಸ್ತೆಯಿಂದ ಅಂಗಳದವರೆಗೆ ಹೋಗಿ. ಹಗ್ಗ ನೆಲಕ್ಕೆ ತಾಗಿದ ಜಾಗದಲ್ಲೆಲ್ಲ ಕಾರಿನ ಹೊಟ್ಟೆಯೂ ತಾಗುತ್ತದೆ. ಅಲ್ಲಿ ಸುಣ್ಣದ ಗೆರೆ ಎಳೆಯಿರಿ. ಗಾಲಿ ಹೋಗುವ ಎರಡು ಜಾಡುಗಳ ನಡುವಿನ ದಿಣ್ಣೆಯನ್ನು ಬೇರೆಯಾಗಿ ಅಳೆಯಿರಿ, ಜಾಡಿನಿಂದ ಜಾಡಿಗೆ ಅಡ್ಡ ಹಗ್ಗ ಹಿಡಿದು. ಏರು ಶುರುವಾಗುವ ಜಾಗದಲ್ಲಿ ಒಂದು ಮೀಟರಿನೊಳಗೆ ಹದಿನೈದು ಸೆಂಟಿಮೀಟರಿಗಿಂತ ಹೆಚ್ಚು ಏರಿದರೆ ಬಂಪರಿನ ತುಟಿ ಉಜ್ಜುತ್ತದೆ, ಅದನ್ನೂ ಗುರುತು ಮಾಡಿ.

ಅಳೆದ ಮೇಲೆ ಬರೆಯಿರಿ. ಅಲ್ಲಿಯವರೆಗೆ ಬೆಂಗಳೂರಿನವರಿಗೆ ಮುಂಗಡ ಕೊಡಬೇಡಿ.

ಅಮ್ಮನ ವಿಷಯ. ವ್ಯಾಗನ್ ಆರ್‌ನಲ್ಲಿ ಸೀಟು ತೊಡೆಯ ಎತ್ತರಕ್ಕೆ ಇದೆ, ಅವರು ಪಕ್ಕಕ್ಕೆ ಕೂತು ಕಾಲು ಒಳಗೆ ಎಳೆದುಕೊಂಡರೆ ಆಯಿತು. ಟಿಟಿಯಲ್ಲಿ ಮೊಣಕಾಲಿಗಿಂತ ಕೆಳಗೆ ಇಳಿಯಬೇಕು, ಏಳುವಾಗ ಮೈಭಾರವೆಲ್ಲ ಅದೇ ಮೊಣಕಾಲಿನ ಮೇಲೆ. ನೀವು ಕೈ ಹಿಡಿದು ಎಬ್ಬಿಸಿದರೂ ಅವರಿಗೆ ನೋವೇ. ವ್ಯಾಗನ್ ಆರ್ ಮಾರಬೇಡಿ. ಅದನ್ನು ಉಳಿಸಿಕೊಳ್ಳಲು ಆಗುವುದಿಲ್ಲ ಎಂದಾದರೆ ಟಿಟಿಯೂ ಬೇಡ ಎಂದೇ ನನ್ನ ಅಭಿಪ್ರಾಯ. ಮಗಳಿಗೆ ಹಿಂದಿನ ಸೀಟು ಕೆಲವು ವರ್ಷ ಧಾರಾಳ ಸಾಕು. ದೊಡ್ಡವರು ಅಲ್ಲಿ ಕೂತರೆ ತಲೆ ಹಿಂದಿನ ಗಾಜಿಗೆ ತಾಗುತ್ತದೆ.

ಪ್ರಶ್ನೆ (ಮಂಜೇಶ್ವರದಿಂದ, ಶಾಲಾ ಶಿಕ್ಷಕಿ):

ಅಣ್ಣಾ, ಇದೇ ಮಾತಿನ ನಡುವೆ ನನ್ನದೊಂದು ಸಂಶಯ. ನನ್ನ ತಮ್ಮನ ಹತ್ತಿರ ಎರಡು ಬಾಗಿಲಿನ ಹಳೆಯ ಕಾರಿದೆ. ಮಳೆಗಾಲದಲ್ಲಿ ಕೆಲವು ದಿನ ಬೆಳಿಗ್ಗೆ ಬಾಗಿಲು ಎಳೆದರೆ ಗಾಜು ಮೇಲಿನ ರಬ್ಬರಿಗೆ ಸಿಕ್ಕಿಕೊಂಡು ತೆರೆಯುವುದೇ ಇಲ್ಲ. ಬಲವಂತ ಮಾಡಲು ಹೆದರಿಕೆ. ಒಳಗೆ ಒದ್ದೆ ವಾಸನೆಯೂ ಇದೆ. ಬಾಗಿಲನ್ನೇ ಬದಲಿಸಬೇಕಾದೀತೇ?

ಉತ್ತರ:

ಬೇಡ ಟೀಚರ್. ಬಲವಂತ ಮಾಡದೆ ಇದ್ದದ್ದು ಒಳ್ಳೆಯದಾಯಿತು. ಇಂತಹ ಕಾರುಗಳ ಬಾಗಿಲಿಗೆ ಗಾಜಿನ ಸುತ್ತ ಚೌಕಟ್ಟು ಇರುವುದಿಲ್ಲ. ಹಿಡಿಯನ್ನು ಎಳೆದ ಕ್ಷಣ ಗಾಜು ಒಂದು ಸೆಂಟಿಮೀಟರಿನಷ್ಟು ತಾನಾಗಿ ಕೆಳಗೆ ಇಳಿದು ರಬ್ಬರಿನ ತೋಡಿನಿಂದ ಬಿಡಿಸಿಕೊಳ್ಳುತ್ತದೆ. ಬಾಗಿಲು ಮುಚ್ಚಿದ ಮೇಲೆ ಮತ್ತೆ ಏರಿ ಕೂರುತ್ತದೆ. ಕಿವಿಗೊಟ್ಟರೆ ಆ ಸಣ್ಣ ಮೋಟಾರಿನ ಸದ್ದು ಕೇಳುತ್ತದೆ. ಬ್ಯಾಟರಿ ಸೋತಿದ್ದರೆ ಗಾಜು ಇಳಿಯುವುದಿಲ್ಲ. ಆಗ ಎಳೆದರೆ ಗಾಜಿನ ಅಂಚು ಒಡೆಯಬಹುದು, ರಬ್ಬರು ಹರಿಯಬಹುದು.

ಮೊದಲು ಬ್ಯಾಟರಿಯನ್ನು ಪರೀಕ್ಷೆ ಮಾಡಿಸಿ. ಅದು ಸರಿ ಇದ್ದರೆ ಗಾಜನ್ನು ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಹಲವು ಕಾರುಗಳಲ್ಲಿ ಗಾಜು ತನ್ನ ಅಳತೆಯನ್ನು ಹೀಗೆಯೇ ಮತ್ತೆ ಕಲಿಯುತ್ತದೆ. ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಸಿಲಿಕಾನ್ ಗ್ರೀಸನ್ನು ಬೆರಳ ತುದಿಯಷ್ಟೇ ತೆಗೆದು ಉದ್ದಕ್ಕೂ ಸವರಿ. ತೆಂಗಿನೆಣ್ಣೆ, ಎಂಜಿನ್ ಆಯಿಲ್ ಹಾಕಬೇಡಿ, ರಬ್ಬರು ಉಬ್ಬುತ್ತದೆ. ವಾಸನೆಗೆ ಕಾರಣ ಬಹುಶಃ ಬಾಗಿಲಿನ ತಳದ ತೂತುಗಳು. ಗಾಜಿನ ಬದಿಯಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ, ಅದು ಕೆಳಗಿನ ತೂತುಗಳಿಂದ ಹೊರಗೆ ಹೋಗಬೇಕು. ಮರದಡಿ ನಿಲ್ಲಿಸಿದ ಕಾರಿನಲ್ಲಿ ಮಣ್ಣು, ಹೂವಿನ ಎಸಳು, ಎಲೆಯ ಚೂರು ಸೇರಿ ತೂತು ಮುಚ್ಚುತ್ತದೆ. ತೆಂಗಿನ ಗರಿಯ ಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ನೆಲದ ಕಾರ್ಪೆಟ್ಟನ್ನು ಎತ್ತಿ ಅಡಿಯ ಸ್ಪಂಜನ್ನು ಒಣಗಿಸದಿದ್ದರೆ ವಾಸನೆ ಹೋಗದು.

ಪ್ರಶ್ನೆ (ಬದಿಯಡ್ಕದವರೇ, ಎರಡು ದಿನದ ನಂತರ):

ಅಣ್ಣಾ, ಅಳೆದೆವು. ಹೆಂಡತಿ ಒಂದು ತುದಿ ಹಿಡಿದಳು, ಮಗಳು ಸುಣ್ಣ ಹಾಕಿದಳು. ಹಗ್ಗ ಎರಡು ಕಡೆ ತಾಗಿತು. ಗೇಟಿನ ಹತ್ತಿರ ನೀರು ಹರಿಯುವ ಕಣಿಯ ಮೇಲೆ ಹಾಕಿದ ಹಾಸುಗಲ್ಲಿನಲ್ಲಿ ನಾಲ್ಕು ಸೆಂಟಿಮೀಟರಿನಷ್ಟು, ಹಲಸಿನ ಮರದ ತಿರುವಿನಲ್ಲಿ ಬೇರು ಎದ್ದ ಜಾಗದಲ್ಲಿ ಸ್ವಲ್ಪವೇ. ಏರು ಶುರುವಾಗುವ ಕಡೆ ಹನ್ನೆರಡು ಸೆಂಟಿಮೀಟರ್ ಬಂತು. ವ್ಯಾಗನ್ ಆರ್ ಉಳಿಸಿಕೊಳ್ಳುತ್ತೇವೆ, ಅಮ್ಮನಿಗೆ ಈ ಮಾತು ಕೇಳಿ ಸಂತೋಷವಾಯಿತು. ಮುಂದೇನು? ಸ್ಪ್ರಿಂಗಿಗೆ ರಬ್ಬರು ಕೊಟ್ಟು ಎತ್ತರ ಮಾಡಿಸಬಹುದು ಎಂದು ಒಬ್ಬರು ಹೇಳಿದರು. ಮಳೆಗಾಲದಲ್ಲಿ ಓಡಿಸದೆ ಶೆಡ್ಡಿನಲ್ಲಿ ಇಟ್ಟರೆ ಹೇಗೆ?

ಉತ್ತರ:

ಇದು ದುರಸ್ತಿ ಆಗುವ ದಾರಿ. ಕಾರನ್ನು ಎತ್ತಬೇಡಿ, ನೆಲವನ್ನು ತಿದ್ದಿ. ಸ್ಪ್ರಿಂಗಿಗೆ ರಬ್ಬರು ತುರುಕಿದರೆ ಶಾಕ್ ಅಬ್ಸಾರ್ಬರ್, ಆಕ್ಸಲ್, ಗಾಲಿಯ ಕೋನ ಎಲ್ಲವೂ ತಮ್ಮ ಜಾಗ ಬಿಡುತ್ತವೆ. ನೀವು ಯಾವ ಹಿಡಿತಕ್ಕಾಗಿ ಈ ಕಾರನ್ನು ಕೊಳ್ಳುತ್ತೀರೋ ಅದೇ ಹೋಗುತ್ತದೆ. ಹಾಸುಗಲ್ಲಿನ ಎರಡೂ ಬದಿಗೆ ಎರಡೆರಡು ಮೀಟರ್ ಉದ್ದಕ್ಕೆ ಕಾಂಕ್ರೀಟ್ ಹಾಕಿಸಿ ಏರನ್ನು ನಿಧಾನ ಮಾಡಿ. ಮುರಕಲ್ಲಿನ ಹುಡಿ ತುಂಬಿದರೆ ಮೊದಲ ಮಳೆಗೇ ತೊಳೆದುಹೋಗುತ್ತದೆ. ಕಣಿಯ ನೀರಿನ ದಾರಿಯನ್ನು ಮುಚ್ಚಬೇಡಿ. ಬೇರನ್ನು ಕಡಿಯಬೇಡಿ, ಅದರ ಆಚೀಚೆ ನೆಲ ಏರಿಸಿದರೆ ಸಾಕು. ಆಮೇಲೆ ಹಗ್ಗ ಹಿಡಿದು ಇನ್ನೊಮ್ಮೆ ನಡೆಯಿರಿ.

ಕಾರಿಗೆ 18 ಇಂಚಿನ ಗಾಲಿ ಇದ್ದರೆ, ಟಯರ್ ಮೇಲೆ 245/40 ಆರ್18 ಎಂದು ಬರೆದಿರುತ್ತದೆ. ಅದರ ಬದಲು 17 ಇಂಚಿನ ಗಾಲಿಗೆ 245/45 ಹಾಕಿಸಿ. ಹೊರ ಸುತ್ತಳತೆ ಬಹುತೇಕ ಅಷ್ಟೇ ಇರುತ್ತದೆ, ವೇಗದ ಮುಳ್ಳು ತಪ್ಪುವುದಿಲ್ಲ. ಟಯರಿನ ಗೋಡೆಯ ಎತ್ತರ ಮಾತ್ರ 98 ಮಿ.ಮೀ.ನಿಂದ 110ಕ್ಕೆ ಏರುತ್ತದೆ. ಹೊಂಡದ ಅಂಚಿಗೆ ರಿಮ್ ಬಡಿದು ಸೊಟ್ಟಗಾಗುವುದನ್ನು ಆ ಹನ್ನೆರಡು ಮಿ.ಮೀ. ತಡೆಯುತ್ತದೆ. ಎರಡೂ ಆ ಕಾರಿಗೆ ಕಂಪನಿಯೇ ಕೊಟ್ಟ ಅಳತೆಗಳು.

ಶೆಡ್ಡಿನಲ್ಲಿ ಇಡುವುದು ಮಾತ್ರ ಬೇಡವೇ ಬೇಡ. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮೀರಿ ಮಳೆ ಬೀಳುವ ಊರು ನಮ್ಮದು. ನಿಂತ ಕಾರಿನ ಬ್ರೇಕ್ ಡಿಸ್ಕಿಗೆ ತುಕ್ಕು, ಸೀಟಿಗೆ ಬೂಸಲು, ವಯರಿಗೆ ಇಲಿ. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ, ಅದು ಗಾಳಿಯ ತೇವವನ್ನು ಹೀರುತ್ತದೆ. ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದರೆ ತೊಂದರೆ ಖಂಡಿತ. ವಾರಕ್ಕೆ ನಾಲ್ಕು ದಿನ ಮಂಗಳೂರಿಗೆ ಓಡುವ ಕಾರಿಗೆ ಈ ರೋಗಗಳು ಬರುವುದಿಲ್ಲ. ದಿನವೂ ಓಡಿಸಿ, ಅದೇ ಆ ಕಾರಿಗೆ ಆರೈಕೆ.

ನೀರು ನಿಂತ ಕಡೆ ಮಾತ್ರ ಧೈರ್ಯ ತೋರಿಸಬೇಡಿ. ಹೋದ ಮಳೆಗಾಲದಲ್ಲಿ ತಗ್ಗಿನ ಕಾರೊಂದು ನನ್ನಲ್ಲಿಗೆ ಕಟ್ಟಿ ಎಳೆದುಕೊಂಡು ಬಂತು. ಸರ್ವಿಸ್ ರಸ್ತೆಯ ನೀರಿನಲ್ಲಿ ನಿಂತಿತ್ತು, ಚಾಲಕರು ಮೂರು ಸಲ ಸ್ಟಾರ್ಟ್ ಮಾಡಲು ನೋಡಿದ್ದರು. ಎಂಜಿನ್ ಅಡಿಯ ಚೇಂಬರ್ ಬಿಚ್ಚಿದಾಗ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಒಂದು ಕುಡುಗೋಲಿನ ಹಾಗೆ ಬಾಗಿತ್ತು. ಗಾಳಿ ಎಳೆಯುವ ಬಾಯಿಯ ಮೂಲಕ ಸಿಲಿಂಡರಿಗೆ ನೀರು ಹೋದರೆ ಪಿಸ್ಟನ್ ಅದನ್ನು ಒತ್ತಲಾರದು, ಉಕ್ಕೇ ಬಾಗುತ್ತದೆ. ನೀರಿನಲ್ಲಿ ನಿಂತರೆ ಕೀ ಮುಟ್ಟದೆ ತಳ್ಳಿಸಿ. ಸಾಮಾನ್ಯ ವಿಮೆ ಈ ಹಾನಿಗೆ ಹಣ ಕೊಡುವುದಿಲ್ಲ, ಎಂಜಿನ್ ರಕ್ಷಣೆಯ ಹೆಚ್ಚುವರಿ ಭಾಗವನ್ನು ಕೇಳಿ ಸೇರಿಸಿಕೊಳ್ಳಿ.

ಗೇರ್‌ಬಾಕ್ಸ್ ಆಯಿಲ್ ಅನ್ನು 60,000 ಕಿ.ಮೀ.ಗೊಮ್ಮೆ ಬದಲಿಸಿದ ಬಿಲ್ಲು ಇದೆಯೇ ಎಂದು ಬೆಂಗಳೂರಿನವರನ್ನು ಕೇಳಿ. ಬಾಯಿಮಾತು ಬೇಡ, ಬಿಲ್ಲೇ ಬೇಕು. ನಾಲ್ಕು ಗಾಲಿ ಎಳೆತದ್ದಾದರೆ ಹಿಂದಿನ ಗಾಲಿಗಳಿಗೆ ಎಳೆತ ಕೊಡುವ ಕಪ್ಲಿಂಗಿನ ಆಯಿಲ್ ಬಿಲ್ಲನ್ನೂ ಕೇಳಿ. ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಎಂಜಿನ್ ಆದ್ದರಿಂದ ಒಳಬರುವ ವಾಲ್ವುಗಳ ಮೇಲೆ ಮಸಿ ಕಟ್ಟುತ್ತದೆ, ಅದನ್ನು ಬಿಡಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ. ನಂಬರು ಕರ್ನಾಟಕದ್ದು, ನೀವು ಇಡುವುದು ಕೇರಳದಲ್ಲಿ. 12 ತಿಂಗಳು ಮೀರಿ ಇಟ್ಟುಕೊಳ್ಳುವುದಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಮರುನೋಂದಣಿ ಮಾಡಿಸಲೇಬೇಕು. ತೆರಿಗೆ ಎಷ್ಟಾಗುತ್ತದೆ ಎಂದು ಕಾಸರಗೋಡಿನ ಆರ್‌ಟಿಒ ಕಚೇರಿಯಲ್ಲಿ ಕೇಳಿದ ಮೇಲೆಯೇ ಚೌಕಾಸಿಗೆ ಕುಳಿತುಕೊಳ್ಳಿ.

ಪ್ರತಿಕ್ರಿಯೆ (ಬದಿಯಡ್ಕದವರು):

ಕಾಂಕ್ರೀಟಿನವರು ಶುಕ್ರವಾರ ಬರುತ್ತಾರೆ ಅಣ್ಣಾ. ಬಿಲ್ಲುಗಳ ಫೋಟೊ ಕಳುಹಿಸಿ ಎಂದು ಬೆಂಗಳೂರಿಗೆ ಹೇಳಿದ್ದೇನೆ. ಕಾರು ನೋಡಲು ಹೋಗುವಾಗ ನೀವೂ ಬರಬಹುದೇ?

ಉತ್ತರ:

ಬರುತ್ತೇನೆ. ಕಾಂಕ್ರೀಟ್ ಗಟ್ಟಿಯಾಗಲು ಸಮಯ ಕೊಡಿ, ದಿನವೂ ನೀರು ಹಾಕಿ, ಎರಡು ವಾರ ಅದರ ಮೇಲೆ ಯಾವ ಗಾಡಿಯನ್ನೂ ಹತ್ತಿಸಬೇಡಿ. ಅಷ್ಟರಲ್ಲಿ ಒಂದು ಭಾನುವಾರ ಹೋಗೋಣ. ಲಿಫ್ಟ್ ಇರುವ ಜಾಗದಲ್ಲೇ ತೋರಿಸಬೇಕೆಂದು ಮಾರುವವರಿಗೆ ಮೊದಲೇ ಹೇಳಿಬಿಡಿ. ನನಗೆ ಆ ಕಾರಿನ ಅಡಿಯನ್ನು ನೋಡಬೇಕು.