ಅಪ್‌ಡೇಟ್: ಯುವಕ ಸಂಘದ ಮುಂದಾಳುಗಳಿಗೆ ಆಟ ಆಡಿಸುವ ತರಬೇತಿ

ನಮ್ಮ ಸಂಘದ ಮುಂದಾಳುಗಳು 6ರಿಂದ 12 ವರ್ಷದ ಮಕ್ಕಳಿಗೆ ಆಟೋಟ ನಡೆಸುವಾಗ ಅರ್ಧದಷ್ಟು ಮಕ್ಕಳು ಸುಮ್ಮನೆ ನಿಂತಿರುತ್ತಾರೆ, ಇದಕ್ಕೆ ಎಂಥ ತರಬೇತಿ ಕೊಡಬೇಕು ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದವರೆಲ್ಲರಿಗೂ ಕೃತಜ್ಞತೆಗಳು.

ನೀವು ಸೂಚಿಸಿದಂತೆ ಉಪನ್ಯಾಸವನ್ನು ಕೈಬಿಟ್ಟು, ಪ್ರತಿಯೊಬ್ಬ ಮುಂದಾಳುವೂ ಹತ್ತು ನಿಮಿಷ ಆಟ ನಡೆಸುವಂತೆ, ಉಳಿದವರು ಮಕ್ಕಳಾಗಿ ಆಡುವಂತೆ, ಒಬ್ಬರು ಮಾತ್ರ ಗಡಿಯಾರ ಹಿಡಿದು ಗೊತ್ತುಮಾಡಿದ ಒಂದು ‘ಮಗು’ ಎಷ್ಟು ಹೊತ್ತು ಓಡಾಡಿತು, ಎಷ್ಟು ಹೊತ್ತು ಸರದಿಗಾಗಿ ಕಾಯಿತು ಎಂಬುದನ್ನು ಬರೆದುಕೊಳ್ಳುವಂತೆ ಏರ್ಪಡಿಸಿದೆ. ಆ ಲೆಕ್ಕ ನನ್ನ ಮಾತಿಗಿಂತ ಹೆಚ್ಚು ಕಲಿಸಿತು. ಔಟಾದವರನ್ನು ಹೊರಗೆ ಕೂರಿಸುವ ಆಟಗಳಲ್ಲಿ, ಚಲನೆ ಯಾರಿಗೆ ಹೆಚ್ಚು ಅಗತ್ಯವೋ ಆ ನಿಧಾನದ ಮಕ್ಕಳೇ ಮೊದಲು ಕೂರುತ್ತಾರೆ ಎಂಬುದು ಸ್ವತಃ ಔಟಾಗಿ ಕುಳಿತಾಗಲೇ (ಎಲ್ಲರಿಗಿಂತ ಮೊದಲು ಔಟಾದವನು ನಾನೇ) ಮನದಟ್ಟಾಯಿತು. ಈಗ ಔಟಾದ ಮಗು ಐದು ಬಾರಿ ಜಿಗಿದು ಮತ್ತೆ ಆಟಕ್ಕೆ ಸೇರುತ್ತದೆ; ರಿಲೇ ತಂಡದಲ್ಲಿ ನಾಲ್ವರಿಗಿಂತ ಹೆಚ್ಚು ಮಕ್ಕಳಿರುವುದಿಲ್ಲ.

ಜಾಗ, ಮಾಡಬೇಕಾದ ಕೆಲಸ, ಸಾಮಗ್ರಿ, ಜನ ಎಂಬ ನಾಲ್ಕರಲ್ಲಿ ಒಂದನ್ನು ಬದಲಿಸಿ ಆಟವನ್ನು ಮಗುವಿಗೆ ಹೊಂದಿಸುವ ಸೂತ್ರವೂ ಉಪಯೋಗಕ್ಕೆ ಬಂತು: ಚೆಂಡು ಹಿಡಿಯಲಾರದವರಿಗೆ ದೊಡ್ಡ, ಮೆತ್ತನೆಯ ಚೆಂಡು ಕೊಟ್ಟರೆ ಸಾಕಾಯಿತು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು 5ರಿಂದ 17 ವರ್ಷದವರಿಗೆ ಹೇಳುವ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ನಮ್ಮ ವಾರಕ್ಕೊಂದು ಕೂಟದಿಂದ ಪೂರೈಸದು. ಆದ್ದರಿಂದ ಮಕ್ಕಳು ಮನೆಯ ಬಳಿ ತಾವೇ ಆಡಬಹುದಾದ ಆಟಗಳನ್ನು ಆರಿಸುತ್ತಿದ್ದೇವೆ. ಆಟ ಆರಂಭಿಸುವ ಮುನ್ನ ನಿಯಮಗಳನ್ನು ಉದ್ದಕ್ಕೆ ವಿವರಿಸುವ ಚಟ ಮಾತ್ರ ಇಬ್ಬರು ಮುಂದಾಳುಗಳನ್ನು ಇನ್ನೂ ಬಿಟ್ಟಿಲ್ಲ.