ಹಿನ್ನೀರಿನಲ್ಲಿ ರಾತ್ರಿ ದೋಣಿ: ಹೋಗಿ ಬಂದವರು ಹೇಳಿ

ಹಾಸನದಿಂದ ಕೇಳ್ತಿದೀನಿ. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ ನಮ್ಮ ಮಾವನ ತೋಟ ಇದೆ. ಅವರ ಹತ್ತಿರ ಸಣ್ಣ ಫೈಬರ್ ದೋಣಿ ಇದೆ, ಹಿಂದೆ ಪುಟ್ಟ ಮೋಟಾರು. ಅನುಮತಿ ಎಲ್ಲಾ ಮಾಡಿಸಿದ್ದಾರೆ. ದೀಪಾವಳಿಗೆ ಬೆಂಗಳೂರಿನಿಂದ ಅಕ್ಕನ ಮಕ್ಕಳು ಬರುತ್ತಾರೆ, ಬೆಳದಿಂಗಳಲ್ಲಿ ಒಂದು ಸುತ್ತು ಹಾಕೋಣ ಅಂತ ಹಟ. ಹಗಲು ಎಷ್ಟೋ ಸಲ ಹೋಗಿದ್ದೇನೆ, ಕತ್ತಲಲ್ಲಿ ಇಲ್ಲ. ಏನೇನು ನೋಡಿಕೊಳ್ಳಬೇಕು?

*ಹಿನ್ನೀರಿನ ಪಕ್ಕದ ಊರಿನವರು:*
ದೀಪಾವಳಿ ಅಂದರೆ ಅಮಾವಾಸ್ಯೆ ಅಲ್ವಾ ಸಾರ್? ಬೆಳದಿಂಗಳು ಎಲ್ಲಿಂದ ತರ್ತೀರಿ?

ತಮಾಷೆ ಇರಲಿ. ಇದನ್ನು ಕೆರೆ ಅಂದುಕೊಳ್ಳಬೇಡಿ. 1979ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಊರು, ತೋಪು, ಗದ್ದೆ ಎಲ್ಲಾ ಒಳಗೆ ಹೋದವು. ಶೆಟ್ಟಿಹಳ್ಳಿ ಚರ್ಚು ಎತ್ತರ ಇರೋದಕ್ಕೆ ಕಾಣುತ್ತದೆ. ಕಾಣದೆ ಇರೋದು ಮರದ ಬೊಡ್ಡೆಗಳು. ಪೇಪರಿನಲ್ಲಿ ಜಲಾಶಯದ ಮಟ್ಟ ಬರುತ್ತದಲ್ಲ, ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ತುಂಬಿದರೆ ಸಮುದ್ರ ಮಟ್ಟದಿಂದ 2922 ಅಡಿ. ಬೇಸಿಗೆಯಲ್ಲಿ ಆಳೆತ್ತರ ನಿಂತ ಬೊಡ್ಡೆಯನ್ನು ನೋಡಿಕೊಂಡು ಹೋಗಬಹುದು. ಮಳೆ ಚೆನ್ನಾಗಿ ಆದ ವರ್ಷ ದೀಪಾವಳಿ ಹೊತ್ತಿಗೆ ಅದೇ ಬೊಡ್ಡೆಯ ತುದಿ ನೀರಿನಿಂದ ಒಂದು ಗೇಣು ಕೆಳಗಿದ್ದರೆ ಗೊತ್ತೇ ಆಗಲ್ಲ. ಹೋದ ತಿಂಗಳು ಸರಿ ಇದ್ದ ದಾರಿ ಈ ತಿಂಗಳು ಸರಿ ಅಂತ ಇಲ್ಲ. ಅದೇ ವಾರ ಹಗಲು ಹೋಗಿ ನೋಡಿದ ದಾರಿಯಲ್ಲಿ ಮಾತ್ರ ರಾತ್ರಿ ಹೋಗಿ, ಅದೂ ನಡಿಗೆಯಷ್ಟು ನಿಧಾನಕ್ಕೆ.

ಇನ್ನೊಂದು ಅಪಾಯ ಮೀನಿನ ಬಲೆ. ಸಂಜೆ ಬಿಟ್ಟು ಬೆಳಗ್ಗೆ ಎತ್ತುತ್ತಾರೆ. ಗುರುತಿಗೆ ಖಾಲಿ ಬಾಟಲಿ, ಥರ್ಮಾಕೋಲ್ ತುಂಡು, ಅಷ್ಟೇ. ಮೋಟಾರಿನ ಫ್ಯಾನಿಗೆ ಸುತ್ತಿಕೊಂಡರೆ ತಕ್ಷಣ ಆಫ್ ಮಾಡಿ, ಮೋಟಾರನ್ನೇ ಮೇಲಕ್ಕೆ ಎತ್ತಿ, ದೋಣಿಯೊಳಗೆ ಕೂತೇ ಚಾಕುವಿನಲ್ಲಿ ಬಿಡಿಸಿ. ನೀರಿಗೆ ಇಳಿದರೆ ಬಲೆ ನಿಮ್ಮ ಕಾಲಿಗೂ ಸುತ್ತುತ್ತದೆ. ಬೆಳಗ್ಗೆ ಹೋಗಿ ಬಲೆಯವನಿಗೆ ದುಡ್ಡು ಕೊಡಿ, ಪಾಪ.

*ಮಂಗಳೂರಿನಲ್ಲಿ ಬೋಟ್ ಕೆಲಸ ಮಾಡಿ ಈಗ ಅರಸೀಕೆರೆಯಲ್ಲಿ ಇರುವವರು:*
ದೀಪದ ವಿಷಯ ಹೇಳ್ತೀನಿ. ಮೋಟಾರು ಬೋಟಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಜೊತೆಗೆ ಬಿಳಿ ದೀಪ. ಎದುರಿನ ಬೋಟಿನ ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡರೆ ಅದು ನೇರ ನಿಮ್ಮ ಮೇಲೇ ಬರುತ್ತಿದೆ ಅಂತ. ಆಗ ಇಬ್ಬರೂ ಬಲಕ್ಕೆ ತಿರುಗಬೇಕು. ರಸ್ತೆಯಲ್ಲಿ ಎಡಕ್ಕೆ ಹೋಗಿ ಅಭ್ಯಾಸ ಆದವರಿಗೆ ಇಲ್ಲೇ ಎಡವಟ್ಟು ಆಗೋದು. ತೆಪ್ಪದವರ ಹತ್ತಿರ ಇದೆಲ್ಲ ಇರಲ್ಲ. ಅವರು ಟಾರ್ಚ್ ತೋರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಆಗಾಗ ಮೋಟಾರು ನಿಲ್ಲಿಸಿ ಕಿವಿಗೊಡಿ. ರಾತ್ರಿ ನೀರಿನ ಮೇಲೆ ಸದ್ದು ದೂರದಿಂದ ಕೇಳುತ್ತದೆ.

ದೋಣಿಯೊಳಗೆ ಮೊಬೈಲ್ ಟಾರ್ಚ್ ಹಾಕಿಕೊಂಡು ಕೂರಬೇಡಿ. ಕಣ್ಣು ಕತ್ತಲಿಗೆ ಚೆನ್ನಾಗಿ ಹೊಂದಿಕೊಳ್ಳೋಕೆ 20-30 ನಿಮಿಷ ಬೇಕು. ಒಬ್ಬ ಸೆಲ್ಫಿ ತೆಗೆದರೆ ಸಾಕು, ಎಲ್ಲಾ ಹೋಯಿತು.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ದಡದ ದೀಪ. ಇಳಿಯುವ ಜಾಗದಲ್ಲಿ ಒಂದು ದೀಪ ತಗ್ಗಿನಲ್ಲಿ ಇಡಿ. ಅದರ ಹಿಂದೆ ಹತ್ತು ಹದಿನೈದು ಮಾರು ಬಿಟ್ಟು ಇನ್ನೊಂದನ್ನು ಎತ್ತರದಲ್ಲಿ ಕಟ್ಟಿ. ನೀರಿನಿಂದ ನೋಡಿದಾಗ ಒಂದರ ಮೇಲೊಂದು ಕಂಡರೆ ನೀವು ಸಾಲಿನಲ್ಲಿದ್ದೀರಿ. ಎರಡೂ ಪಕ್ಕಪಕ್ಕ ಸರಿದರೆ ದಾರಿ ತಪ್ಪಿದೆ. ಬೊಡ್ಡೆ ಇಲ್ಲದ ಜಾಗಕ್ಕೆ ಹಗಲೇ ಈ ಸಾಲು ಹೊಂದಿಸಿಕೊಳ್ಳಿ. ಬಂದರುಗಳಲ್ಲೂ ಇದೇ ಉಪಾಯ.

*ಚಿಕ್ಕಮಗಳೂರಿನಿಂದ ಒಬ್ಬರು:*
ನಮ್ಮದು ನಾಚಿಕೆಗೇಡಿನ ಕಥೆ. ಜನವರಿ ರಾತ್ರಿ, ಒಂದು ಹೋಂಸ್ಟೇಯವರ ತೆಪ್ಪ, ನಾವು ನಾಲ್ಕು ಜನ. ಲೈಫ್ ಜಾಕೆಟ್ ಕೇಳಿದ್ದಕ್ಕೆ "ಏನಾಗಲ್ಲ ಮೇಡಂ, ಇಲ್ಲೇ ಅಲ್ವಾ" ಅಂದರು. ನಾವೂ ಸುಮ್ನಾದೆವು. ಅರ್ಧ ಗಂಟೆಯಲ್ಲಿ ಮಂಜು ಇಳಿಯಿತು. ಟಾರ್ಚ್ ಹಾಕಿದರೆ ಎದುರಿಗೆ ಬರೀ ಬಿಳಿ ಗೋಡೆ. ತೆಪ್ಪ ಸುತ್ತುತ್ತಾ ಇರುತ್ತದೆ, ಯಾವ ಕಡೆಯಿಂದ ಬಂದೆವು ಅನ್ನೋದೇ ಮರೆತುಹೋಯಿತು. ನನ್ನ ತಮ್ಮ ಎದ್ದು ನಿಲ್ಲೋಕೆ ಹೋಗಿ ತೆಪ್ಪ ವಾಲಿತು, ಮಂಡಿವರೆಗೆ ನೀರು ಬಂತು. ಕೊನೆಗೆ ಕೂಗಿ ಕೂಗಿ ದಡದಲ್ಲಿದ್ದ ಹುಡುಗ ತಟ್ಟೆ ಬಡಿಯೋಕೆ ಶುರು ಮಾಡಿದ. ಆ ಸದ್ದು ಹಿಡಿದು ಹುಟ್ಟು ಹಾಕಿ ಬಂದೆವು. ಆಮೇಲಿಂದ ನನ್ನ ಬ್ಯಾಗಿನಲ್ಲಿ ವಿಸಿಲ್ ಇದೆ. ಮದುವೆಮನೆಗೆ ಹೋದರೂ ಇರುತ್ತದೆ.

*ಆಲೂರು ಕಡೆಯವರು:*
ಒಂದೇ ಮಾತು. ಏನೇ ಆದರೂ ಕಂಡ ಕಂಡ ದಡಕ್ಕೆ ಇಳಿಯಬೇಡಿ. ನಮ್ಮ ಕಡೆ ಆನೆ ಕಾಟ ಗೊತ್ತಲ್ಲ, ಅವಕ್ಕೂ ನೀರು ಬೇಕು. ಮೋಟಾರು ಕೆಟ್ಟರೆ ದೋಣಿಯಲ್ಲೇ ಕೂತು 112ಕ್ಕೆ ಫೋನ್ ಮಾಡಿ. ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಹಗಲೇ ನೋಡಿಟ್ಟುಕೊಳ್ಳಿ. ಮನೆಯಲ್ಲಿ ಒಬ್ಬರಿಗೆ "ಇಷ್ಟು ಗಂಟೆಗೆ ಬರ್ತೀವಿ, ಬರದಿದ್ದರೆ ಜನ ಕಳಿಸಿ" ಅಂತ ಹೇಳಿ ಹೊರಡಿ. ಹುಟ್ಟು ಎರಡು ಒಳಗೆ ಇರಲಿ.

*ಕೇಳಿದವರು:*
ಎಲ್ಲರಿಗೂ ಥ್ಯಾಂಕ್ಸ್. ಮಾವನಿಗೆ ಓದಿ ಹೇಳಿದೆ. ಎರಡು ದೀಪದ ಉಪಾಯ ಅವರಿಗೆ ತುಂಬಾ ಹಿಡಿಸಿತು, ಆಗಲೇ ಬಿದಿರು ಕಡಿಸುತ್ತಿದ್ದಾರೆ! ಹಬ್ಬದ ದಿನ ಮಕ್ಕಳನ್ನು ಐದು ಗಂಟೆಗೆ ಕರೆದುಕೊಂಡು ಹೋಗಿ ಬೆಳಕಿರುವಾಗಲೇ ದಡ ಸೇರುತ್ತೇವೆ. ತುಳಸಿ ಹಬ್ಬದ ಹೊತ್ತಿಗೆ ಚಂದ್ರ ಸಂಜೆಗೇ ಮೇಲೆ ಬಂದಿರುತ್ತಾನೆ, ಆಗ ದೊಡ್ಡವರು ಮೂವರೇ ಹೋಗುತ್ತೇವೆ. ಮಕ್ಕಳಿಗೆ ನಮ್ಮ ಜಾಕೆಟ್ ಬಿಗಿದು ಕಟ್ಟಿದರೆ ಸಾಕಾ?

*ಅರಸೀಕೆರೆಯವರು:*
ಬೇಡ. ಹಾಕಿಸಿ, ಪಟ್ಟಿ ಬಿಗಿದು, ಜಾಕೆಟಿನ ಎರಡೂ ಭುಜ ಹಿಡಿದು ಮಗುವನ್ನು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಕಿವಿವರೆಗೆ ಸರಿದು ಮಗು ಕೆಳಗೆ ಜಾರಿದರೆ, ನೀರಲ್ಲೂ ಹಾಗೇ ಜಾರುತ್ತದೆ. ಮಕ್ಕಳ ಅಳತೆಯದ್ದನ್ನೇ ತಗೊಳ್ಳಿ, ಕಾಲಿನ ಸಂದಿಯಲ್ಲಿ ಪಟ್ಟಿ ಇರುವಂಥದ್ದು.